ಲೆಕ್ಕ ಶುರುವಾಗುವುದು ಕ್ಯಾಮೆರಾ ಕಟ್ಟುವ ಮೊದಲೇ

ಹನೂರು ತಾಲ್ಲೂಕಿನ ಮಲೆಮಹದೇಶ್ವರ ಕಾಡಿನಲ್ಲಿ ಎಷ್ಟು ಚಿರತೆಗಳಿವೆ? ಒಂದೊಂದನ್ನೇ ಎಣಿಸಿ ಹೇಳುವವರು ಯಾರೂ ಇಲ್ಲ. ಕಾಡುಹಾದಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಚಿರತೆಯನ್ನು ಗುರುತಿಸುವುದು ಮೈಮೇಲಿನ ಚುಕ್ಕೆಗಳಿಂದ; ಎಡಮೈಯ ಚುಕ್ಕೆಗೂ ಬಲಮೈಯ ಚುಕ್ಕೆಗೂ ತಾಳೆಯಾಗದ ಕಾರಣ ಎರಡೂ ಮಗ್ಗುಲಿನ ಚಿತ್ರ ಬೇಕು. ಮೊದಲ ಸುತ್ತಿನಲ್ಲಿ 20 ಚಿರತೆ ಸಿಕ್ಕವು ಎನ್ನಿ. ಎರಡನೇ ಸುತ್ತಿನಲ್ಲಿ ಸಿಕ್ಕ 20ರಲ್ಲಿ 10 ಹಳೆಯವೇ ಆಗಿದ್ದರೆ, ಮೊದಲ ಸಲ ಕಾಡಿನ ಅರ್ಧದಷ್ಟು ಚಿರತೆಗಳು ಮಾತ್ರ ಕಣ್ಣಿಗೆ ಬಿದ್ದಿದ್ದವು ಎಂದಾಯಿತು. ಅಲ್ಲಿಗೆ ಅಂದಾಜು 40. ನಿಜವಾದ ಲೆಕ್ಕ ಇದಕ್ಕಿಂತ ಜಟಿಲ, ತಿರುಳು ಮಾತ್ರ ಇಷ್ಟೇ. ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲದಲ್ಲಿ, 1990ರ ದಶಕದಲ್ಲಿ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ದಾರಿ ಹಿಡಿದರು.

ಕ್ಯಾಮೆರಾ ಎಲ್ಲಿ ಕಟ್ಟಬೇಕು, ಎಷ್ಟು ದಿನ ಬಿಡಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ನಮ್ಮ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ನಡೆಯುವುದು ಬಹುಪಾಲು ಇದರ ತಿರುವುಮುರುವು. ಮೊದಲು ಪ್ರಶ್ನಾವಳಿ ತುಂಬಿಸುವುದು, ಆಮೇಲೆ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಲ್ಲವರನ್ನು ಹುಡುಕಿಕೊಂಡು ಹೋಗುವುದು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಬಂದರೆ ಅವನಿಂದಾಗುವುದು ಮರಣೋತ್ತರ ಪರೀಕ್ಷೆ ಎಂಬರ್ಥದ ಮಾತನ್ನು ಸ್ವತಃ ಸಂಖ್ಯಾಶಾಸ್ತ್ರಜ್ಞರಾದ ಆರ್.ಎ. ಫಿಶರ್ 1938ರಲ್ಲೇ ಕಲ್ಕತ್ತದಲ್ಲಿ ಹೇಳಿಹೋಗಿದ್ದಾರೆ. ಈ ಶಾಸ್ತ್ರದ ದೊಡ್ಡ ಹೆಸರುಗಳಲ್ಲೊಂದಾದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಅದನ್ನು ಬಲ್ಲ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೋ!

ಯಳಂದೂರಿನ ಬಿಳಿಗಿರಿರಂಗನ ಬೆಟ್ಟ ಇನ್ನೂ ಒಳ್ಳೆಯ ಪಾಠ. ಅಲ್ಲಿನ ಕಾಡುವಾಸಿಗಳಾದ ಸೋಲಿಗರು ಹಿಂದೆ ಬೇಸಿಗೆಯಲ್ಲಿ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದೇ ತರಗು ಬೆಂಕಿ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಎಂಬ ಕಳೆಗಿಡ ಹಬ್ಬಿತು ಎನ್ನುವುದು ಹಿರಿಯರ ಮಾತು. ಸಂಶೋಧಕರು 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದರು. ಲಂಟಾನ ವಿಪರೀತ ಹೆಚ್ಚಿತ್ತು. ಅದೇ ಜಾಗಕ್ಕೆ ಮರಳಿ ಹೋದದ್ದರಿಂದಲೇ ಆ ಹೋಲಿಕೆಗೆ ಬೆಲೆ.

ಹಾಗೆಂದು ಬೆಂಕಿ ನಿಂತದ್ದೇ ಕಾರಣ ಎಂದು ಅಷ್ಟರಿಂದಲೇ ಹೇಳಲು ಬರುವುದಿಲ್ಲ. ಆ ವರ್ಷಗಳಲ್ಲಿ ಮಳೆ, ಮೇವು, ಜನರ ಓಡಾಟ ಎಲ್ಲವೂ ಬದಲಾಗಿರಬಹುದು. ಸೋಲಿಗರ ಮಾತು ಪರೀಕ್ಷಿಸಿ ನೋಡಬೇಕಾದ ಗಟ್ಟಿ ಊಹೆ. ಅದನ್ನು ದಂತಕತೆಯೆಂದು ತಳ್ಳುವುದೂ ತಪ್ಪು, ಕಣ್ಣುಮುಚ್ಚಿ ಒಪ್ಪುವುದೂ ತಪ್ಪು. ಸಹಸಂಬಂಧ ಬೇರೆ, ಕಾರಣ ಬೇರೆ ಎಂಬುದನ್ನು ಕಲಿಸಲು ಇಂಥ ಉದಾಹರಣೆ ಬೆಟ್ಟದ ಬುಡದಲ್ಲೇ ಇರುವಾಗ, ಎಲ್ಲಿಯದೋ ನಾಣ್ಯ ಚಿಮ್ಮುವ ಲೆಕ್ಕಕ್ಕೆ ಪಾಠ ಮುಗಿಸುವುದೇಕೆ?

ನಮ್ಮ ವಿದ್ಯಾರ್ಥಿಗಳು ಕೊಳ್ಳೇಗಾಲದ ಹಿಪ್ಪುನೇರಳೆ ಬೆಳೆಗಾರರ ಸಮೀಕ್ಷೆಯಿಂದ ಶುರುಮಾಡಬಹುದು. ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕವರನ್ನು ಕೇಳುವುದು ಬೇಡ. ಹಳ್ಳಿವಾರು ಪಟ್ಟಿ ಮಾಡಿ, ಚೀಟಿ ಎತ್ತಿ ಮನೆಗಳನ್ನು ಆರಿಸಲಿ. ಬೀಗ ಹಾಕಿದ್ದರೆ ಪಕ್ಕದ ಮನೆಯವರಿಂದ ಫಾರಂ ತುಂಬಿಸದೆ, ಸಂಜೆ ಮತ್ತೆ ಅದೇ ಮನೆಗೆ ಹೋಗಲಿ. ಹಗಲು ಬೀಗ ಬೀಳುವುದು ಹೆಚ್ಚಾಗಿ ಕೂಲಿಗೆ ಹೋಗುವವರ ಮನೆಗೆ. ಅವರನ್ನು ಬಿಟ್ಟು ತೆಗೆದ ಸರಾಸರಿ ಆದಾಯವನ್ನು ಯಾವ ಸಾಫ್ಟ್‌ವೇರೂ ಸರಿಮಾಡಿ ಕೊಡುವುದಿಲ್ಲ.