ಹಣೆಬರಹವಲ್ಲ, ಚೀಟಿಯ ಬರಹ

ಆಸ್ಪತ್ರೆಯಿಂದ ಮನೆಗೆ ಬಂದ ರೋಗಿ ತಿಂಗಳೊಳಗೆ ಮತ್ತೆ ಅದೇ ಆಸ್ಪತ್ರೆ ಸೇರಿದರೆ ನಾವು ಹಣೆಬರಹವನ್ನು ಹಳಿಯುತ್ತೇವೆ. ಎಷ್ಟೋ ಸಲ ತಪ್ಪು ಹಣೆಬರಹದ್ದಲ್ಲ, ಅರ್ಥವಾಗದ ಚೀಟಿಯ ಬರಹದ್ದು.

ಇಂಡಿ ತಾಲೂಕಿನ ನನ್ನ ಸೋದರಮಾವನವರನ್ನು ಹೃದಯದ ಚಿಕಿತ್ಸೆಗೆಂದು ಪುಣೆಗೆ ಕರೆತಂದಿದ್ದೆ. ಕಾಲಿನ ಬಾವು ಇಳಿದು, ಉಸಿರು ಹಗುರಾದ ಮೇಲೆ ಮನೆಗೆ ಕಳುಹಿಸಿದರು. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿತ್ತು. ನರ್ಸ್ ಮರಾಠಿಯಲ್ಲಿ ವಿವರಿಸಿ 'ಸಮಜ್ಲಂ ಕಾ?' ಎಂದು ಕೇಳಿದರು. ಮಾವ ಮರ್ಯಾದೆಗೆ ತಲೆಯಾಡಿಸಿದರು. ಬಿಲ್ಲಿನ ಸಾಲಿನಿಂದ ಬಂದ ನಾನು ಚೀಟಿಯನ್ನು ಚೀಲಕ್ಕೆ ಸೇರಿಸಿದೆನೇ ಹೊರತು ಓದಿ ಹೇಳಲಿಲ್ಲ. ಊರಿಗೆ ಹೊರಟಾಗ, ಬಸ್ಸಿನಲ್ಲಿ ಮೂತ್ರದ ತೊಂದರೆ ಬೇಡವೆಂದು ಅವರು ಮೈನೀರು ಇಳಿಸುವ ಗುಳಿಗೆ ಬಿಟ್ಟರು. ಬಾವು ಇಲ್ಲವಲ್ಲ ಎಂದು ಮುಂದೆಯೂ ಬಿಟ್ಟರು. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ ಬಿಡಲಿಲ್ಲ. ಹನ್ನೊಂದನೆಯ ದಿನ ಏದುಸಿರು ಬಿಡುತ್ತ ಮತ್ತೆ ಪುಣೆಗೆ ಬಂದರು.

ನಿತ್ಯ ಬೆಳಿಗ್ಗೆ ತೂಕ ನೋಡಬೇಕು, ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು ಎಂದು ಚೀಟಿಯಲ್ಲೇ ಇತ್ತು. ಇಲ್ಲಿ ಸೋತದ್ದು ವೈದ್ಯವಲ್ಲ, ಮಾತು.

ಅಮೆರಿಕದಲ್ಲಿ 30 ದಿನಗಳೊಳಗೆ ಮರಳಿ ದಾಖಲಾಗುವ ರೋಗಿಗಳು ನಿರೀಕ್ಷೆಗಿಂತ ಹೆಚ್ಚಾದರೆ ಆಸ್ಪತ್ರೆಗೆ ಸಲ್ಲುವ ಮೆಡಿಕೇರ್ ಹಣವನ್ನು 2012ರ ಅಕ್ಟೋಬರಿನಿಂದ ಕಡಿತಗೊಳಿಸುತ್ತ ಬಂದಿದ್ದಾರೆ. ನಮ್ಮಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ತಿಳಿದ ಭಾಷೆಯಲ್ಲೇ ಕಾಯಿಲೆ ಹಾಗೂ ಚಿಕಿತ್ಸೆಯನ್ನು ವಿವರಿಸಬೇಕೆನ್ನುತ್ತದೆ. ಆದರೆ ಪ್ರತಿ ವಾರ್ಡಿನಲ್ಲೂ ಕನ್ನಡ ಬಲ್ಲವರಿರಬೇಕೆಂದು ಪುಣೆಯ ಆಸ್ಪತ್ರೆಗಳನ್ನು ಕೇಳುವುದು ನ್ಯಾಯವೇ? ಇಲ್ಲಿ ನೆಲೆಸಿದ ನಮಗೆ ಮರಾಠಿ ಬರುತ್ತದೆ, ಬರಲೇಬೇಕು. ಊರಿನಿಂದ ಎಪ್ಪತ್ತರ ವಯಸ್ಸಿನಲ್ಲಿ ಬರುವ ಹಿರಿಯರಿಗೆ ಆ ಮಾತು ಹೇಳಲಾಗದು. ಅವರಿಗೂ ಆಸ್ಪತ್ರೆಗೂ ನಡುವೆ ಸೇತುವೆಯಾಗಬೇಕಾದವರು ನಾವೇ.

ಸಂಘಗಳು ಇದಕ್ಕೆಂದು ಕೆಲವು ಸ್ವಯಂಸೇವಕರನ್ನು ಗೊತ್ತುಮಾಡಲಿ. ಅವರು ಚಿಕಿತ್ಸೆಯ ಸಲಹೆ ಕೊಡಬಾರದು. ಸಂದೇಹವನ್ನು ವೈದ್ಯರಿಗೇ ಒಪ್ಪಿಸಬೇಕು. ಚೀಟಿಯನ್ನು ಕನ್ನಡದಲ್ಲಿ ತಿಳಿಸಿ, 'ತಿಳಿಯಿತೇ?' ಎಂದು ಕೇಳುವ ಬದಲು ರೋಗಿಯ ಬಾಯಿಂದಲೇ ಮರಳಿ ಹೇಳಿಸಬೇಕು. ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆ ಸೇರದಂತೆ, ಹಳೆಯ ಗುಳಿಗೆಗಳನ್ನೂ ಹೊಸವನ್ನೂ ವೈದ್ಯರಿಗೆ ತೋರಿಸಲು ನೆನಪಿಸಬೇಕು. ಮೂರನೆಯ ದಿನ ಒಂದು ಫೋನು ಮಾಡಬೇಕು. ಇದಕ್ಕೆ ನಿಧಿಯೂ ಬೇಡ, ಕಟ್ಟಡವೂ ಬೇಡ. ರಾಜ್ಯೋತ್ಸವದ ವೇದಿಕೆಯಲ್ಲಿ ಮೆರೆಯುವ ಕನ್ನಡ ರೋಗಿಯ ಮಂಚದ ಬಳಿಗೂ ಬರಲಿ.

ಎರಡನೆಯ ಸಲ ನಾನೇ ಕುಳಿತು ಮಾವನಿಗೆ ಚೀಟಿ ಓದಿ ಹೇಳಿದೆ. "ಇಷ್ಟ ಮಾತು ಮೊದಲ ಹೇಳಬಾರದಿತ್ತೇನಪಾ?" ಎಂದರು. ಆ ಪ್ರಶ್ನೆ ಆಸ್ಪತ್ರೆಗಲ್ಲ, ನನಗೆ.