ಹಗ್ಗ ಹಿಡಿದವರಿಗೂ ಸಭೆಯಲ್ಲಿ ಸ್ಥಾನವಿರಲಿ

ಕೊಟ್ಟೂರಿನ ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು 2017ರ ಫೆಬ್ರವರಿಯಲ್ಲಿ ಉತ್ಸವದ ನಡುವೆಯೇ ಉರುಳಿಬಿದ್ದುದನ್ನೂ ಭಕ್ತರು ಗಾಯಗೊಂಡುದನ್ನೂ ಈ ಸೀಮೆಯ ಜನ ಮರೆತಿಲ್ಲ. ಮುಂದೆ ಹೊಸ ತೇರೇನೋ ಸಿದ್ಧವಾಯಿತು. ಜಾತ್ರೆಯ ಹೊಣೆಯಲ್ಲಿ ಯಾರಿಗೆ ಪಾಲಿರಬೇಕೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಮುಜರಾಯಿ ದೇವಾಲಯಗಳ ವ್ಯವಸ್ಥಾಪನಾ ಸಮಿತಿಗೆ 1997ರ ಕಾಯಿದೆಯು ಒಂಬತ್ತು ಸದಸ್ಯರನ್ನು ವಿಧಿಸಿ, ಅರ್ಚಕರಿಗೂ ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ಥಾನವನ್ನು ಕಾದಿರಿಸಿದೆ. ಇದು ಸ್ತುತ್ಯವೇ ಸರಿ. ಆದರೆ ಹಗ್ಗ ಹಿಡಿದು ತೇರೆಳೆಯುವ, ಪಾದಯಾತ್ರಿಗಳಿಗೆ ನೀರು ಹಂಚುವ, ದಾಸೋಹದಲ್ಲಿ ಬೆವರಿಳಿಸಿ ಬಡಿಸುವ ತರುಣರಿಗೆಂದು ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ.

ತರುಣರ ಸ್ವಂತ ಸಂಘಗಳಾದರೂ ಮಾದರಿಯಾಗಿವೆಯೇ? ನೋಂದಾಯಿತ ಸಂಘವು 1960ರ ಕಾಯಿದೆಯಂತೆ ವರ್ಷಕ್ಕೊಮ್ಮೆ ಮಹಾಸಭೆ ಸೇರಿಸಿ ಲೆಕ್ಕಪತ್ರ ಒಪ್ಪಿಸಬೇಕು. ಎಷ್ಟೋ ಕಡೆ ಆ ಸಭೆ ಕಡತದಲ್ಲಿ ಮಾತ್ರ ನಡೆಯುತ್ತದೆ. ಅಧ್ಯಕ್ಷರ ತಲೆ ನರೆತರೂ ಅದು ಯುವಕ ಸಂಘವೇ! ಹಿರಿಯರು ಜಾಗ ಬಿಡದಿರುವುದು ದೋಷವಾದರೆ, ತರುಣರು ಲೆಕ್ಕ ಬರೆಯಲು ಕಲಿಯದಿರುವುದು ಅದಕ್ಕೂ ಮಿಗಿಲಾದ ದೋಷ.

ಕಾಯಿದೆಯ ತಿದ್ದುಪಡಿಗಾಗಿ ಕಾಯಬೇಕಾಗಿಲ್ಲ. ಜಾತ್ರೆಯ ಪೂರ್ವಭಾವಿ ಸಭೆಗೆ ಪ್ರತಿ ಓಣಿಯಿಂದ ಒಬ್ಬ ತರುಣನನ್ನೂ ಒಬ್ಬ ತರುಣಿಯನ್ನೂ ಕರೆಯಬಹುದು. ತೇರಿನ ಅಚ್ಚು, ಗಾಲಿಗಳ ತಪಾಸಣೆಯ ವರದಿಯನ್ನು ಅವರ ಮುಂದಿಡಬಹುದು. ಜಾತ್ರೆ ಮುಗಿದ ತಿಂಗಳೊಳಗೆ ಜಮಾಖರ್ಚನ್ನು ಅವರಿಂದಲೇ ಊರ ಮುಂದೆ ಓದಿಸಬಹುದು.