ಟೀ ಮೇಲೆ ಡ್ರೈವರ್ ಹಿಡಿಯುವ ಮುನ್ನ

ಹವ್ಯಾಸಕ್ಕೆ ಗಾಲ್ಫ್ ಆಡುವವರು ಹೋಲ್ ಶುರುವಾಗುವ ಟೀ ಮೇಲಿನ ಮೊದಲ ಹೊಡೆತಕ್ಕೆ ಅತಿ ಉದ್ದದ ಕ್ಲಬ್ಬಾದ ಡ್ರೈವರ್ ಹಿಡಿಯಬೇಕೆ? ಆಡುವವರು ನಾಲ್ಕು ಜನ ಸೇರಿದಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಡ್ರೈವರ್ ಚೀಲದಲ್ಲೇ ಇರಲಿ, ಐರನ್‌ನಲ್ಲಿ ನೆಟ್ಟಗೆ ಹೊಡೆಯಿರಿ ಎನ್ನುವವರು ಕೆಲವರು. ದೂರ ಹೋದಷ್ಟೂ ಲಾಭ, ಹೆದರದೆ ಬೀಸಿ ಎನ್ನುವವರು ಉಳಿದವರು. ಎರಡೂ ಕಡೆ ಹುರುಳಿದೆ. ಆದರೆ ಎರಡೂ ಕಡೆಯವರು ತಮ್ಮ ಅತ್ಯುತ್ತಮ ಹೊಡೆತವನ್ನು ನೆನಪಿಟ್ಟುಕೊಂಡು ಮಾತಾಡುತ್ತಾರೆ. ನಿರ್ಧಾರ ಮಾಡಬೇಕಾದದ್ದು ಅತ್ಯಂತ ಕೆಟ್ಟ ಹೊಡೆತ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದನ್ನು ನೋಡಿ.

ಹವ್ಯಾಸಿ ಎಂದಾಗ ನನ್ನ ಕಣ್ಣ ಮುಂದಿರುವುದು ನಮ್ಮ ಭಾಗದವರು. ಹೊಸಪೇಟೆ, ಸಂಡೂರು, ತೋರಣಗಲ್ಲಿನ ಗಣಿ ಮತ್ತು ಉಕ್ಕಿನ ಕಚೇರಿಗಳಲ್ಲಿ ದುಡಿಯುತ್ತ, ನಡುವಯಸ್ಸಿನಲ್ಲಿ ಈ ಆಟದ ರುಚಿ ಹತ್ತಿಸಿಕೊಂಡವರು. ಕೆಲಸದ ನೆಪದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದಾಗ, ಸ್ನೇಹಿತರ ಅತಿಥಿಯಾಗಿ ಒಂದು ಸುತ್ತು ಆಡಿ ಬರುವವರು. ಗಾಲ್ಫ್ ಕುರಿತ ಸಲಹೆಗಳೆಲ್ಲ ವಾರಕ್ಕೊಮ್ಮೆಯಾದರೂ ಆಡುವವರಿಗಾಗಿ ಬರೆದವು. ತಿಂಗಳುಗಟ್ಟಲೆ ಕ್ಲಬ್ ಮುಟ್ಟದೆ, ನೇರವಾಗಿ ಮೊದಲ ಟೀ ಮೇಲೆ ನಿಂತು, ಹಿಂದೆ ಕಾಯುತ್ತಿರುವ ಅಪರಿಚಿತರ ಕಣ್ಣೆದುರು ಬೀಸಬೇಕಾದವರ ಕಷ್ಟ ಆ ಸಲಹೆಗಳಿಗೆ ಗೊತ್ತಿಲ್ಲ.

ಮೊದಲು ಡ್ರೈವರನ್ನೇ ಹತ್ತಿರದಿಂದ ನೋಡೋಣ. ಚೀಲದಲ್ಲಿ ಇಡಲು ನಿಯಮ ಬಿಡುವ 14 ಕ್ಲಬ್‌ಗಳಲ್ಲಿ ಅತಿ ಉದ್ದದ್ದು ಡ್ರೈವರ್: ಸುಮಾರು 45 ಅಂಗುಲ. 7ನೇ ನಂಬರಿನ ಐರನ್ 37 ಅಂಗುಲದ ಆಸುಪಾಸು. ಕೋಲು ಉದ್ದವಾದಷ್ಟೂ ಕ್ಲಬ್ಬಿನ ತಲೆಯ ವೇಗ ಹೆಚ್ಚು, ಆದರೆ ಚೆಂಡಿಗೆ ತಲೆಯ ನಟ್ಟನಡುವನ್ನು ತಾಗಿಸುವುದು ಅಷ್ಟೇ ಕಷ್ಟ. ಇನ್ನು ಮುಖದ ಓರೆ, ಆಟಗಾರರ ಮಾತಿನಲ್ಲಿ ಲಾಫ್ಟ್. ಡ್ರೈವರಿನ ಲಾಫ್ಟ್ 10 ಡಿಗ್ರಿ ಅಕ್ಕಪಕ್ಕ, 7ನೇ ಐರನ್‌ನದು 30ರ ಆಸುಪಾಸು. ಲಾಫ್ಟ್ ಹೆಚ್ಚಿದ್ದರೆ ಚೆಂಡು ಹಿಮ್ಮುಖವಾಗಿ ಜೋರಾಗಿ ತಿರುಗುತ್ತ ಏರುತ್ತದೆ. ಮುಖ ಸ್ವಲ್ಪ ತೆರೆದುಕೊಂಡಿದ್ದರೂ ಪಕ್ಕಕ್ಕೆ ವಾಲುವುದು ಕಡಿಮೆ. ಲಾಫ್ಟ್ ಕಡಿಮೆ ಇದ್ದಾಗ ಅಷ್ಟೇ ತಪ್ಪು ಚೆಂಡನ್ನು ಬಿಲ್ಲಿನಂತೆ ಬಾಗಿಸಿ ಬಲಗಡೆಯ ಮರಗಳಿಗೆ ಒಯ್ಯುತ್ತದೆ. ಬಲಗೈ ಆಟಗಾರರನ್ನು ಕಾಡುವ ಸ್ಲೈಸ್ ಹುಟ್ಟುವುದು ಇಲ್ಲಿಯೇ. ಬಾಗುವುದನ್ನು ಬಿಟ್ಟುಬಿಡಿ, ಚೆಂಡು ಹೊರಟ ದಿಕ್ಕೇ 5 ಡಿಗ್ರಿ ತಪ್ಪಿದರೂ 200 ಗಜದಲ್ಲಿ ಅದು 17 ಗಜ ಪಕ್ಕಕ್ಕೆ ಸರಿದಿರುತ್ತದೆ.

ಡ್ರೈವರಿನಲ್ಲಿ ಹೊಡೆಯುವ ರೀತಿಯೂ ಬೇರೆ. ಐರನ್‌ನಲ್ಲಿ ಚೆಂಡನ್ನು ಕೆಳಮುಖವಾಗಿ ಒತ್ತಿ ಹೊಡೆಯಬೇಕು. ಡ್ರೈವರಿಗೆ ಚೆಂಡನ್ನು ಟೀ ಮೇಲೆ ಎತ್ತರಕ್ಕಿಟ್ಟು, ಎಡ ಹಿಮ್ಮಡಿಯ ನೇರಕ್ಕೆ ಇರಿಸಿಕೊಂಡು, ತಲೆ ಮೇಲೇರುತ್ತಿರುವಾಗ ತಾಗಿಸಬೇಕು. ಅಪರೂಪಕ್ಕೆ ಆಡುವವರು ಐರನ್‌ನ ಬೀಸನ್ನೇ ಡ್ರೈವರಿಗೂ ತರುತ್ತಾರೆ. ತಲೆ ಮೇಲಿನಿಂದ ಕುಟ್ಟಿದಂತೆ ಬಂದು, ಹೊರಗಿನಿಂದ ಒಳಕ್ಕೆ ಚೆಂಡನ್ನು ಸೀಳುತ್ತದೆ.

ಇಷ್ಟಾದರೂ ಡ್ರೈವರನ್ನು ಬಿಟ್ಟೇಬಿಡಿ ಎನ್ನಲು ನಾನು ಒಪ್ಪುವುದಿಲ್ಲ. ಅದರ ತಲೆಯ ಗಾತ್ರ 460 ಸಿಸಿವರೆಗೆ ಇರಬಹುದು. ಚೆಂಡು ಮಧ್ಯಕ್ಕೆ ತಾಗದೆ ಅಂಚಿಗೆ ತಾಗಿದರೂ ಆ ದೊಡ್ಡ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಚಿಕ್ಕ ತಲೆಯ 3-ವುಡ್ ಇಷ್ಟು ಕ್ಷಮಿಸುವುದಿಲ್ಲ. ಡ್ರೈವರ್ ಬಿಟ್ಟು ಅದನ್ನು ಹಿಡಿದ ಮಾತ್ರಕ್ಕೆ ಚೆಂಡು ನೇರವಾಗುತ್ತದೆಂಬ ಭರವಸೆ ಇಲ್ಲ. ಅದಕ್ಕಿಂತ ಗಟ್ಟಿಯಾದ ವಾದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಅವರದು. ಲಕ್ಷಗಟ್ಟಲೆ ಹೊಡೆತಗಳ ದಾಖಲೆ ಜೋಡಿಸಿ ಅವರು 2014ರಲ್ಲಿ ಪುಸ್ತಕವೊಂದನ್ನು ತಂದರು. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ಹುಟ್ಟುವುದು 100 ಗಜಕ್ಕಿಂತ ದೂರದ ಹೊಡೆತಗಳಲ್ಲಿ ಎಂದು ತೋರಿಸಿದರು. ಚೆಂಡನ್ನು ಗುಳಿಗೆ ಉರುಳಿಸುವ ಪಟಿಂಗ್ ಒಂದೇ ಆಟವನ್ನು ಗೆಲ್ಲಿಸುತ್ತದೆ ಎಂಬ ಹಳೆಯ ನಂಬಿಕೆ ಅಲ್ಲಿಗೆ ಅಲುಗಾಡಿತು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ 380 ಗಜದ ಪಾರ್-4ರಲ್ಲಿ ಡ್ರೈವರ್ 215 ಗಜ ಹೋದರೆ ಎರಡನೇ ಹೊಡೆತದಲ್ಲಿ ಗುಳಿಯಿರುವ ಗ್ರೀನ್ ಮುಟ್ಟುವ ಆಸೆಯಾದರೂ ಉಳಿಯುತ್ತದೆ. ಐರನ್ ಹಿಡಿದು 160 ಗಜ ಹೋದವರಿಗೆ ಮುಂದೆ 220 ಗಜ ಬಿದ್ದಿರುತ್ತದೆ. ಅದಕ್ಕೆ ಇನ್ನೆರಡು ಹೊಡೆತ ಬೇಕೇಬೇಕು.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಒಂದು ಲೆಕ್ಕ ಹಾಕಿ ನೋಡಿ. 18 ಹೋಲ್‌ಗಳಲ್ಲಿ ನಾಲ್ಕು ಪಾರ್-3 ಇದ್ದರೆ, ಡ್ರೈವರ್ ಹಿಡಿಯಲು ಬರುವುದು 14 ಕಡೆ. ಹೆಚ್ಚುವರಿ ದೂರದಿಂದ ಪ್ರತಿ ಹೋಲ್‌ನಲ್ಲಿ ಹೊಡೆತದ ಐದನೇ ಒಂದು ಪಾಲು ಉಳಿಯುತ್ತದೆಂದು ಹಿಡಿಯೋಣ. 14 ಹೋಲ್‌ಗೆ ಮೂರು ಹೊಡೆತದಷ್ಟೂ ಆಗುವುದಿಲ್ಲ. ಚೆಂಡು ಮೈದಾನದ ಎಲ್ಲೆ ದಾಟಿ ಹೊರಗೆ ಬಿದ್ದರೆ ಒಂದು ಹೊಡೆತ ದಂಡ, ಜೊತೆಗೆ ಮತ್ತೆ ಟೀಯಿಂದಲೇ ಹೊಡೆಯಬೇಕು. ಅಲ್ಲಿಗೆ ಅದು ಮೂರನೇ ಹೊಡೆತ. ಒಂದು ಸುತ್ತಿನಲ್ಲಿ ಒಂದು ಚೆಂಡು ಹೊರಗೆ ಹೋದರೆ ಡ್ರೈವರ್ ಇನ್ನೂ ಲಾಭದಲ್ಲಿದೆ. ಎರಡು ಹೋದರೆ ಗಳಿಸಿದ್ದೆಲ್ಲ ಕಳೆದು ಮೇಲೆ ಸಾಲ. ಐರನ್‌ನಲ್ಲೂ ಚೆಂಡು ಕಳೆಯುವುದುಂಟು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೂ ಗೆರೆ ಹೆಚ್ಚುಕಡಿಮೆ ಇಲ್ಲಿಯೇ ಬೀಳುತ್ತದೆ. ನಿಮ್ಮ ಡ್ರೈವರ್ ಸುತ್ತಿಗೆ ಎರಡು–ಮೂರು ಚೆಂಡು ನುಂಗುತ್ತಿದ್ದರೆ ಅದನ್ನು ಕೆಲವು ತಿಂಗಳು ಅಭ್ಯಾಸದ ರೇಂಜಿಗೆ ಮಾತ್ರ ಒಯ್ಯಿರಿ. ರೇಂಜಿನಲ್ಲಿಯೂ ಎಷ್ಟು ದೂರ ಹೋಯಿತೆಂದು ನೋಡಬೇಡಿ. ಹತ್ತು ಚೆಂಡು ಹೊಡೆದು ಅತಿ ಎಡಕ್ಕೆ ಬಿದ್ದದ್ದಕ್ಕೂ ಅತಿ ಬಲಕ್ಕೆ ಬಿದ್ದದ್ದಕ್ಕೂ ನಡುವೆ ಎಷ್ಟು ಅಗಲ ಎಂದು ನೋಡಿ. ರೇಂಜಿನಲ್ಲಿ ಎಲ್ಲೆಯೂ ಇಲ್ಲ, ದಂಡವೂ ಇಲ್ಲ. ಅಲ್ಲಿ ಚೆನ್ನಾಗಿಯೇ ಹೋಗುತ್ತಿತ್ತು ಎಂದು ಮೊದಲ ಟೀ ಮೇಲೆ ನಿಂತು ಬೆರಗಾಗುವವರು ಈ ಅಗಲವನ್ನು ಒಮ್ಮೆಯೂ ಅಳೆದಿರುವುದಿಲ್ಲ.

ದೂರದ ಮೋಹ ನಮಗೆ ಚಿಕ್ಕಂದಿನಿಂದಲೇ ಅಂಟಿದ್ದು. ಹೊಸಪೇಟೆಯ ಓಣಿಗಳಲ್ಲಿ, ಕಂಪ್ಲಿಯ ಕೊಯ್ಲಾದ ಗದ್ದೆಗಳಲ್ಲಿ ನಾವು ಆಡಿದ ಚಿನ್ನಿದಾಂಡಿನಲ್ಲಿ ಚಿನ್ನಿ ಬಿದ್ದ ಜಾಗದವರೆಗೆ ದಾಂಡಿನಿಂದ ಅಳೆಯುತ್ತಿದ್ದೆವು. ಅಲ್ಲಿ ದೂರವೇ ಅಂಕ. ಚಿನ್ನಿ ಯಾವ ದಿಕ್ಕಿಗೆ ಹಾರಿದರೂ ನಡೆಯುತ್ತಿತ್ತು. ಗಾಲ್ಫ್‌ನಲ್ಲಿ ದೂರಕ್ಕೆ ಅಂಕವಿಲ್ಲ. ನಾಲ್ಕೂಕಾಲು ಅಂಗುಲದ ಗುಳಿಗೆ ಚೆಂಡನ್ನು ಎಷ್ಟು ಹೊಡೆತದಲ್ಲಿ ಸೇರಿಸಿದಿರಿ ಎಂಬುದಷ್ಟೇ ಚೀಟಿಯ ಮೇಲೆ ಉಳಿಯುತ್ತದೆ.

ದೂರವಿಲ್ಲದೆಯೂ ಎಲ್ಲಿಯವರೆಗೆ ಹೋಗಬಹುದೆಂದು ತೋರಿಸಿದವರು ನಮ್ಮವರೇ ಆದ ಅದಿತಿ ಅಶೋಕ್. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಈ ಹುಡುಗಿ ಐದು ವರ್ಷದವಳಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ರೇಂಜಿನ ಹತ್ತಿರದ ಹೋಟೆಲಿನಲ್ಲಿ ತಂದೆತಾಯಿಯೊಂದಿಗೆ ತಿಂಡಿ ತಿನ್ನುತ್ತ ಈ ಆಟ ಕಂಡದ್ದು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಸುಮಿಗಸೇಕಿ ಮೈದಾನದಲ್ಲಿ, ತಾಯಿ ಕ್ಯಾಡಿಯಾಗಿ ಚೀಲ ಹೊತ್ತಿರಲು, ಆಕೆ 67, 66, 68, 68 ಹೊಡೆದು ಒಟ್ಟು 269ಕ್ಕೆ ಮುಗಿಸಿದರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ 267. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಡ್ರೈವ್ ದೂರದಲ್ಲಿ ಅಲ್ಲಿದ್ದವರಲ್ಲೆಲ್ಲ ಆಕೆ ತೀರ ಹಿಂದಿನವರು. ಕೋರ್ಡಾ ಪುಟ್ಟ ಐರನ್ ಹಿಡಿದ ಕಡೆ ಅದಿತಿ ವುಡ್ ಇಲ್ಲವೆ ಹೈಬ್ರಿಡ್ ಹಿಡಿದು ಗ್ರೀನ್ ಮುಟ್ಟಬೇಕಿತ್ತು. ಆಕೆಯ ಪಟರ್ ಆ ನಾಲ್ಕು ದಿನ ಕೊರತೆಯನ್ನು ತುಂಬಿಕೊಟ್ಟಿತು.

ಈ ಉದಾಹರಣೆ ಹಿಡಿದು ಡ್ರೈವರ್ ಬೇಡವೇ ಬೇಡ ಎನ್ನುವವರಿದ್ದಾರೆ. ಅವರು ಒಂದು ಸಂಗತಿ ಮರೆಯುತ್ತಾರೆ. ಅದಿತಿ ಡ್ರೈವರನ್ನು ಚೀಲದಲ್ಲಿ ಮುಚ್ಚಿಡಲಿಲ್ಲ. ದೂರ ಕಡಿಮೆ ಇರುವವರಿಗೇ ಅದರ ಅಗತ್ಯ ಹೆಚ್ಚು. ಆಕೆ ಅದನ್ನು ಹೊಡೆದದ್ದು ನೇರಕ್ಕೆ, ತನ್ನ ಅಳತೆಯಲ್ಲಿ. ಕೋರ್ಡಾಳಷ್ಟು ದೂರ ಹೊಡೆಯುವ ಹಟಕ್ಕೆ ಬೀಳಲಿಲ್ಲ. ಡ್ರೈವರ್ ಬಿಟ್ಟು ಗೆದ್ದವರು ಬೇಕಿದ್ದರೆ ಟೈಗರ್ ವುಡ್ಸ್ ಇದ್ದಾರೆ. 2006ರ ಬ್ರಿಟಿಷ್ ಓಪನ್‌ನಲ್ಲಿ ಹಾಯ್‌ಲೇಕ್‌ನ ಮೈದಾನ ಬಿಸಿಲಿಗೆ ಒಣಗಿ ಕಂದಿಹೋಗಿತ್ತು. ಬಿದ್ದ ಚೆಂಡು ಉರುಳಿ ಬಂಕರ್ ಸೇರುತ್ತಿತ್ತು. ವುಡ್ಸ್ 72 ಹೋಲ್‌ಗಳಲ್ಲಿ ಒಂದೇ ಒಂದು ಸಲ ಡ್ರೈವರ್ ಹಿಡಿದು ಪಂದ್ಯ ಗೆದ್ದರು. ಆದರೆ ವುಡ್ಸ್ ಅವರ 2-ಐರನ್ ಹೊಡೆತ ನಮ್ಮ ಡ್ರೈವರಿಗಿಂತ ಬಹಳ ಮುಂದೆ ಹೋಗಿ ಬೀಳುತ್ತದೆ. ಆತನಿಂದ ನಾವು ಕಲಿಯಬೇಕಾದದ್ದು ನೆಲ ನೋಡಿ ಕ್ಲಬ್ ಆರಿಸುವ ಬುದ್ಧಿ.

ಆ ಬುದ್ಧಿ ನಮ್ಮ ಕ್ಯಾಡಿಗಳಲ್ಲಿ ಧಾರಾಳವಾಗಿದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್‌ನ ಮೈದಾನ ನಗರದ ನಡುಮಧ್ಯೆ, ಮರಗಳ ನಡುವೆ ಇಕ್ಕಟ್ಟಾಗಿದೆ. ಉದ್ದವೂ ಈಗಿನ ಲೆಕ್ಕಕ್ಕೆ ಕಡಿಮೆ. ಇಂಥ ಮೈದಾನದಲ್ಲಿ ನಮ್ಮೂರಿನವರು ಡ್ರೈವರಿನ ಕುಲಾವಿ ಬಿಚ್ಚುತ್ತಿದ್ದರೆ, "ಸಾರ್, ಐರನ್ ಸಾಕು" ಎಂದು ಕ್ಯಾಡಿ ಮೆಲ್ಲಗೆ ಹೇಳುತ್ತಾನೆ. ಕೇಳುವವರು ಕಡಿಮೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ನೂರಾರು ಜನರ ತಪ್ಪುಗಳನ್ನು ಹೆಗಲಲ್ಲಿ ಹೊತ್ತು ನಡೆದವರಿಗೆ, ಯಾವ ಚೆಂಡು ಯಾವ ಪೊದೆ ಸೇರುತ್ತದೆಂಬುದು ಬೀಸುವ ಮೊದಲೇ ಗೊತ್ತಿರುತ್ತದೆ. ಅವರ ಮಾತಿಗೆ ಬೆಲೆ ಕೊಡದಿರುವುದು ಈ ಆಟದಲ್ಲಿ ಉಳಿದುಕೊಂಡಿರುವ ಕೆಟ್ಟ ದೊಡ್ಡಸ್ತಿಕೆ.

ಇನ್ನೊಂದು ದೊಡ್ಡಸ್ತಿಕೆ ಗುಳಿಯಿಂದ ಅತಿ ದೂರವಿರುವ ಹಿಂದಿನ ಟೀಗಳದು. ಗಂಡಸರು ಮುಂದಿನ ಟೀಗೆ ಹೋಗಲು ನಾಚುತ್ತಾರೆ, ಅದು ಹೆಂಗಸರದೆಂದು. ಹಿಂದೆ ನಿಂತ ಮೇಲೆ ಡ್ರೈವರ್ ಇಲ್ಲದೆ ಗತಿಯಿಲ್ಲ; ಅದನ್ನು ಮೈಮುರಿದು ಬೀಸದೆ ದಾರಿಯಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆಗಳು 2011ರಲ್ಲಿ, ನಿಮ್ಮ ದೂರಕ್ಕೆ ತಕ್ಕಂತೆ ಮುಂದಿನ ಟೀಯಿಂದ ಆಡಿ ಎಂದು ಪ್ರಚಾರವನ್ನೇ ನಡೆಸಿದವು. 380 ಗಜದ ಹೋಲ್ 330 ಆದರೆ ಹೈಬ್ರಿಡ್ ಹಿಡಿದವರಿಗೂ ಎರಡನೇ ಹೊಡೆತದಲ್ಲಿ ಗ್ರೀನ್ ಮುಟ್ಟುವ ಅವಕಾಶ ಸಿಗುತ್ತದೆ. ಡ್ರೈವರಿನ ಅರ್ಧ ಜಗಳ ಟೀ ಬದಲಿಸಿದರೆ ತೀರುತ್ತದೆ.

ದೂರದ ಪೈಪೋಟಿಗೆ ಬೆಲೆ ತೆರುವುದು ನೆಲ ಮತ್ತು ನೀರು. ಚೆಂಡು ದೂರ ಹೋದಂತೆಲ್ಲ ಮೈದಾನಗಳು 7,000 ಗಜ ದಾಟಿ ಬೆಳೆದವು. ಹೆಚ್ಚಿದ ಪ್ರತಿ ಗಜಕ್ಕೂ ಹುಲ್ಲು ಬೇಕು, ಹುಲ್ಲಿಗೆ ನೀರು ಬೇಕು. ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಆ್ಯಂಡ್ ಎ ಸಂಸ್ಥೆಗಳು 2023ರ ಡಿಸೆಂಬರ್‌ನಲ್ಲಿ ಚೆಂಡಿನ ದೂರಕ್ಕೆ ಕಡಿವಾಣ ಹಾಕುವುದಾಗಿ ಘೋಷಿಸಿದಾಗ ಈ ಕಾರಣವನ್ನೂ ಮುಂದಿಟ್ಟವು. ತುಂಗಭದ್ರೆಯ ಕಾಲುವೆಗೆ ನೀರು ಬಿಡುವ ದಿನವನ್ನು ವರ್ಷವರ್ಷವೂ ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಈ ಸೀಮೆಯ ರೈತರು ಎರಡನೇ ಬೆಳೆಯನ್ನು ನೆನೆದು ಕಂಗಾಲಾದದ್ದನ್ನು ಕಂಡಿದ್ದೇವೆ. ಹಂಪಿಗೆ ಬರುವ ಪ್ರವಾಸಿಗರ ಹೆಸರಿನಲ್ಲಿ ನಾಳೆ ಯಾರಾದರೂ ಇಲ್ಲಿ ಗಾಲ್ಫ್ ಮೈದಾನ ಬೇಕೆಂದರೆ, ಪಾರ್-3ಗಳೇ ಹೆಚ್ಚಿರುವ 9 ಹೋಲ್‌ಗಳ ಗಿಡ್ಡ ಮೈದಾನ ಸಾಕು ಎನ್ನುತ್ತೇನೆ. ಅದೂ ಬಳಸಿ ಶುದ್ಧೀಕರಿಸಿದ ನೀರಿನಲ್ಲಿ ಬೆಳೆಯಬೇಕು. ಅಲ್ಲಿ ಡ್ರೈವರಿಗೆ ಕೆಲಸವಿಲ್ಲ, ಕಲಿಯುವವರಿಗೆ ಬೇಕಾದದ್ದೆಲ್ಲ ಇದೆ.

ಒಂದು ಆಕ್ಷೇಪ ಉಳಿಯುತ್ತದೆ, ಅದು ಹಗುರವಾದದ್ದಲ್ಲ. ಹವ್ಯಾಸಿ ಆಡುವುದು ಖುಷಿಗೆ. ಡ್ರೈವರಿನ ನಡುವಿಗೆ ತಾಗಿದ ಚೆಂಡು ಆಕಾಶದಲ್ಲಿ ತೇಲಿ ಹೋಗುವುದನ್ನು ನೋಡುವ ಸುಖವನ್ನು ಲೆಕ್ಕದ ಹೆಸರಲ್ಲಿ ಏಕೆ ಕಿತ್ತುಕೊಳ್ಳಬೇಕು? ಕಿತ್ತುಕೊಳ್ಳಬೇಕಿಲ್ಲ. ಎರಡೂ ಕಡೆ ಬಯಲಿರುವ ಹೋಲ್‌ನಲ್ಲಿ ಧಾರಾಳವಾಗಿ ಹೊಡೆಯಿರಿ. ಅಂಥವು ಪ್ರತಿ ಮೈದಾನದಲ್ಲೂ ಕೆಲವು ಇರುತ್ತವೆ. ಆದರೆ ಈ ಸುಖದಲ್ಲಿ ಬೇರೆಯವರ ಪಾಲೂ ಇದೆ. ಕಳೆದ ಚೆಂಡು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ, ಆದರೂ ಹಿಂದಿನ ಗುಂಪುಗಳು ಒಂದರ ಹಿಂದೊಂದು ನಿಂತುಬಿಡುತ್ತವೆ. ಪಕ್ಕದ ಫೇರ್‌ವೇಯಲ್ಲಿ ಆಡುವವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ತಲೆಗೆ ಟವೆಲ್ ಸುತ್ತಿಕೊಂಡು ಫೇರ್‌ವೇ ಅಂಚಿನ ರಫ್‌ನಲ್ಲಿ ಕೂತು ಕಳೆ ಕೀಳುವ ಹೆಂಗಸರಿದ್ದಾರೆ. ಅವರ ತಲೆಗೆ ಹೆಲ್ಮೆಟ್ ಇರುವುದಿಲ್ಲ. ಬಗ್ಗಿ ಕೆಲಸ ಮಾಡುವಾಗ ಟೀಯಿಂದ ಎಚ್ಚರಿಕೆಗೆ ಕೂಗಿದ "ಫೋರ್" ಕಿವಿಗೆ ಬೀಳುವಷ್ಟರಲ್ಲಿ ಚೆಂಡು ಬಂದಿರುತ್ತದೆ. ನಿಮ್ಮ ಹತ್ತು ಚೆಂಡಿನ ಅಗಲದೊಳಗೆ ಅವರು ಕೂತಿದ್ದರೆ, ಅವರು ಎದ್ದು ಸರಿಯುವವರೆಗೆ ಕಾಯಿರಿ. ಕಾಯುವ ತಾಳ್ಮೆ ಇಲ್ಲದಿದ್ದರೆ 7ನೇ ಐರನ್ ತೆಗೆದುಕೊಳ್ಳಿ.